ಗುಣವಾದವರು ಕಾಣುವುದಿಲ್ಲ

ಜೂನ್ 17, 2025, ಮಂಗಳವಾರ
ದೇರಳಕಟ್ಟೆ

ಮಳೆ ಬಿಡುವ ಲಕ್ಷಣ ಇಲ್ಲ. ಒಗೆದ ಏಪ್ರನ್ ಇನ್ನೂ ಒಣಗಿಲ್ಲ.

ಎಂಬಿಬಿಎಸ್ ಆದ ಮೇಲೆ ಬರೆಯುವ ಪ್ರವೇಶ ಪರೀಕ್ಷೆ ನೀಟ್ ಪಿಜಿ ಜೂನ್ 15ರಿಂದ ಆಗಸ್ಟ್ 3ಕ್ಕೆ ಹೋದ ಮೇಲೆ ಹಾಸ್ಟೆಲಿನಲ್ಲಿ ಓದಿಗಿಂತ ಯಾವ ಬ್ರಾಂಚ್ ಅನ್ನುವ ಚರ್ಚೆಯೇ ಜಾಸ್ತಿ. ರೇಡಿಯಾಲಜಿ, ಚರ್ಮರೋಗ, ಮೆಡಿಸಿನ್. ನಿನ್ನೆ ರಾತ್ರಿ ಮೆಸ್ಸಲ್ಲಿ ನಾನು ಸುಮ್ನೆ ಸೈಕಿಯಾಟ್ರಿ ಅಂದೆ. ಸಾರು ಹಾಕಿಕೊಳ್ಳುತ್ತಿದ್ದ ಪ್ರಜ್ವಲ್ ಸೌಟು ಹಿಡಿದೇ ನಿಂತ. "ಎಂತ ಮಾರಾಯ್ತಿ, ಇಷ್ಟು ಓದಿ ಮಂಡೆ ಡಾಕ್ಟರಾ? ಅಲ್ಲಿ ಯಾರಿಗೆ ಗುಣ ಆಗ್ತದೆ ಹೇಳು?"

ಉಳಿದ ಮಾತೆಲ್ಲ ಗೊತ್ತಿದ್ದದ್ದೇ. ಸ್ಟೆತ್ ಬೇಡ, ಪ್ರೊಸೀಜರ್ ಇಲ್ಲ, ಪೇಷಂಟ್ ಹೊಡೆದರೆ? ಗಂಡಿನ ಕಡೆಯವರಿಗೆ ಎಂತ ಹೇಳುವುದು ಅಂತ ಅಮ್ಮನೂ ಕೇಳಿಯಾಗಿದೆ. ಇದಕ್ಕೆಲ್ಲ ನನ್ನ ಹತ್ತಿರ ಉತ್ತರ ಉಂಟು. ಲಕ್ಷ ಜನಕ್ಕೆ ಒಬ್ಬ ಮನೋವೈದ್ಯರೂ ಇಲ್ಲದ ದೇಶ ಇದು. 2015-16ರ ರಾಷ್ಟ್ರೀಯ ಸಮೀಕ್ಷೆ ಪ್ರಕಾರ ಮಾನಸಿಕ ಕಾಯಿಲೆ ಇರುವ 100 ಜನರಲ್ಲಿ 80ಕ್ಕೂ ಹೆಚ್ಚು ಮಂದಿಗೆ ಚಿಕಿತ್ಸೆಯೇ ಸಿಗುವುದಿಲ್ಲ. ಕೆಲಸಕ್ಕೆ ಬರವಾ? ಆದರೆ "ಯಾರಿಗೆ ಗುಣ ಆಗ್ತದೆ" ಅಂದದ್ದಕ್ಕೆ ಬಾಯಿ ಬರಲಿಲ್ಲ. ನಾನು ನೋಡಿದ್ದಾದರೂ ಯಾರನ್ನು?

ಈಗ ನನ್ನ ಪೋಸ್ಟಿಂಗ್ ಸೈಕಿಯಾಟ್ರಿಯಲ್ಲೇ. ಇವತ್ತು ಒಪಿಡಿಗೆ ಒಬ್ಬರು ಬಂದಿದ್ದರು. ಬೋಟಿನಲ್ಲಿ ಕೆಲಸ. ಜೂನ್, ಜುಲೈ ಮೀನುಗಾರಿಕೆಗೆ ರಜೆ ಅಲ್ವಾ, ಹಾಗಾಗಿ ಅವಸರವಿಲ್ಲ. ಸುಮಾರು ವರ್ಷಗಳಿಂದ ಲಿಥಿಯಂ, ಅಂದರೆ ಮನಸ್ಸಿನ ವಿಪರೀತ ಏರಿಳಿತ ಹಿಡಿದಿಡುವ ಮದ್ದು, ತೆಗೆದುಕೊಳ್ಳುತ್ತಿದ್ದಾರೆ. ನಮ್ಮ ಸೈಕಿಯಾಟ್ರಿ ಮೇಡಂ ಮೊದಲು ಕೇಳಿದ್ದು ನೀರಿನ ವಿಷಯ. "ಬೋಟಲ್ಲಿ ಬಿಸಿಲಿಗೆ ಬೆವರ್ತೀರಿ, ನೀರು ಸರಿ ಕುಡೀತೀರಾ?" ಮೈಯಲ್ಲಿ ನೀರು, ಉಪ್ಪು ಕಡಿಮೆಯಾದರೆ ರಕ್ತದಲ್ಲಿ ಲಿಥಿಯಂ ಏರುತ್ತದೆ. ಕೈ ಚಾಚಲು ಹೇಳಿ ನಡುಕ ನೋಡಿದರು. ರಕ್ತಕ್ಕೆ ಬರೆದರು: ಲಿಥಿಯಂ ಲೆವೆಲ್, ಥೈರಾಯ್ಡ್, ಕಿಡ್ನಿ. ಮಗಳ ಪಿಯುಸಿ ಅಡ್ಮಿಶನ್ ಬಗ್ಗೆ ಸ್ವಲ್ಪ ಮಾತಾಯಿತು. ಅಷ್ಟೇ.

ಹೊರಗೆ ಫಾರ್ಮಸಿ ಹತ್ತಿರ ಪುನಃ ಕಂಡರು. ಮಾತ್ರೆಗಳನ್ನು ಒಂದೊಂದಾಗಿ ಒತ್ತಿ ಕ್ಯಾಲ್ಸಿಯಂ ಡಬ್ಬಿಗೆ ಹಾಕುತ್ತಿದ್ದರು. ಖಾಲಿ ಸ್ಟ್ರಿಪ್ಪುಗಳನ್ನು ಮಡಚಿ ಅಲ್ಲೇ ಕಸದ ಬುಟ್ಟಿಗೆ ಹಾಕಿದರು. ನಾನು ನಕ್ಕೆ. ಅವರು ನೋಡಲಿಲ್ಲ, ಅಥವಾ ನೋಡದ ಹಾಗೆ ಮಾಡಿದರು.

ಮೇಡಂಗೆ ಹೇಳಿದೆ. ಅವರಿಗೆ ಆಶ್ಚರ್ಯವೇ ಆಗಲಿಲ್ಲ. "ಮದುವೆ ಮನೆಯಲ್ಲಿ ಸಿಕ್ಕಿದರೆ ನಾನೂ ಮೊದಲು ಮಾತಾಡಿಸುವುದಿಲ್ಲ. ಅವರಾಗಿ ಬಂದರೆ ಮಾತ್ರ. ಇವರು ಯಾರು ಅಂತ ಪಕ್ಕದವರು ಕೇಳಿದರೆ ಅವರು ಎಂತ ಹೇಳಬೇಕು?" ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹೇಳಿದರು. "ನೀವು ಎರಡು ವಾರಕ್ಕೆ ಬರ್ತೀರಿ. ವಾರ್ಡಲ್ಲಿ ಇರುವವರು ಕಾಯಿಲೆ ತೀರಾ ಜೋರಾದವರು, ಇಲ್ಲ ಮದ್ದು ಬಿಟ್ಟು ಪುನಃ ಬಂದವರು. ಸರಿಯಾದವರು ಐದು ನಿಮಿಷಕ್ಕೆ ಬಂದು ಹೋಗ್ತಾರೆ. ಆ ಹೊತ್ತಿಗೆ ನೀವು ಕ್ಯಾಂಟೀನಲ್ಲಿ."

ಕ್ಯಾಂಟೀನ್ ಮಾತು ನಮ್ಮ ಬ್ಯಾಚಿಗೇ ತಾಗಿಸಿ ಹೇಳಿದ್ದು, ಇರಲಿ.

ಪ್ರಜ್ವಲನಿಗೆ ಹೇಳಲು ಈಗ ಒಂದು ಉತ್ತರ ಸಿಕ್ಕಿತು. ಅವನು ಸರ್ಜರಿ ಅನ್ನುವವನು. ಬೈಪಾಸ್ ಆದವರು ಬಸ್ಸಲ್ಲಿ ಪಕ್ಕ ಕೂತವರಿಗೂ ಅಂಗಿ ಸರಿಸಿ ಗಾಯದ ಕಲೆ ತೋರಿಸುತ್ತಾರೆ, ಡಾಕ್ಟರ ಹೆಸರು ಸಮೇತ. ಡಿಪ್ರೆಶನ್ನಿಂದ ಎದ್ದು ಬಂದವರು ಹಾಗೆ ಹೇಳುವುದನ್ನು ಯಾರು ಕೇಳಿದ್ದಾರೆ? ಹಾಗಾಗಿ ನಮ್ಮ ಲೆಕ್ಕದಲ್ಲಿ ಅಲ್ಲಿ ಯಾರಿಗೂ ಗುಣವೇ ಇಲ್ಲ.

ಹೇಳುವುದು ಸುಲಭ. ಆದರೆ ಲೇಬರ್ ರೂಮ್ ಪೋಸ್ಟಿಂಗಲ್ಲಿ ಒಬ್ಬರು ಅಜ್ಜಿ ನನ್ನ ಕೈಗೆ ಪೇಡಾ ಇಟ್ಟು "ನಿಮ್ಮ ಕೈಗುಣ ಒಳ್ಳೇದು ಮಗಾ" ಅಂದದ್ದು ಇನ್ನೂ ಕಿವಿಯಲ್ಲಿದೆ. ಆ ರಾತ್ರಿ ಕಾಲು ನೋವೇ ಗೊತ್ತಾಗಿರಲಿಲ್ಲ. ನನಗೆ ಅದೆಲ್ಲ ಬೇಕು. ಮೂವತ್ತು ವರ್ಷ ಊರಿನವರೆಲ್ಲ ಮುಖ ತಿರುಗಿಸಿ ನಡೆದರೆ, ಅದು ನಾನು ಒಳ್ಳೆಯ ಕೆಲಸ ಮಾಡಿದ್ದಕ್ಕೇ ಅಂತ ನನಗೆ ನಾನೇ ಹೇಳಿಕೊಂಡು

ಕರೆಂಟು ಹೋಯಿತು. ಫೋನಲ್ಲಿ ಚಾರ್ಜೂ ಇಲ್ಲ. ನಾಳೆ ವಾರ್ಡ್ ರೌಂಡ್ ಬೇಗ.