ಬ್ರಿಕ್ಸಮ್ ಗೋಡೆಯ ಮೇಲೆ ಮೂರು ಕೊಕ್ಕೆ

ನಮ್ಮೂರ ಕಡೆ ಬಂಗುಡೆಯೆಂದರೆ ಬಲೆಯ ಮೀನು. ಊರವರೆಲ್ಲ ಸೇರಿ ರಂಪಣಿ ಬಲೆಯನ್ನು ದಡಕ್ಕೆ ಎಳೆಯುತ್ತಿದ್ದ ಕಾಲ ಹೋಗಿ ಇಡೀ ಹಿಂಡನ್ನೇ ಬಲೆಯಿಂದ ಸುತ್ತುವ ಪರ್ಸೀನ್ ದೋಣಿಗಳು ಬಂದ ಮೇಲೂ, ಅದನ್ನು ಗಾಳ ಹಾಕಿ ಹಿಡಿಯುವ ಯೋಚನೆ ನನಗೆಂದೂ ಬಂದಿರಲಿಲ್ಲ. ಇಂಗ್ಲೆಂಡಿನ ಡೆವನ್‌ನಲ್ಲಿರುವ ಬ್ರಿಕ್ಸಮ್ ಬಂದರಿನಲ್ಲಿ ಮಾತ್ರ ಬಂಗುಡೆಯ ದಾಯಾದಿಯಾದ ಮ್ಯಾಕೆರೆಲ್‌ಗಾಗಿ, ಸುಮಾರು ಅರ್ಧ ಮೈಲಿ ಸಮುದ್ರಕ್ಕೆ ಚಾಚಿರುವ ಅಲೆತಡೆ ಗೋಡೆಯ ಮೇಲೆ ಬೇಸಿಗೆಯ ಸಂಜೆ ಜನ ಸಾಲಾಗಿ ಗಾಳ ಹಿಡಿದು ನಿಂತಿರುತ್ತಾರೆ. ಇಲ್ಲಿ ಕಡಲಿಗೆ ಗಾಳ ಹಾಕಲು ಪರವಾನಗಿ ಬೇಡ. ಹಿಡಿದದ್ದು 20 ಸೆಂಟಿಮೀಟರಿಗಿಂತ ಚಿಕ್ಕದಾಗಿದ್ದರೆ ನೀರಿಗೆ ಬಿಡಬೇಕು, ಅಷ್ಟೇ.

ಇದಕ್ಕೆ ಎರೆ ಬೇಕಿಲ್ಲ. ದಾರದ ತುದಿಗೆ ಸೀಸದ ಗುಂಡು, ಅದರ ಮೇಲೆ ಒಂದೊಂದು ಗೇಣು ಅಂತರದಲ್ಲಿ ಬಣ್ಣದ ಗರಿಯನ್ನೋ ಮಿನುಗುವ ತಗಡಿನ ಎಳೆಯನ್ನೋ ಕಟ್ಟಿದ ಕೊಕ್ಕೆಗಳು. ಕೋಲನ್ನು ಮೇಲೆತ್ತಿ ಇಳಿಸುತ್ತಾ ದಾರ ಸುತ್ತಿದರೆ, ಗರಿಗಳು ಬೆದರಿ ಓಡುವ ಮರಿಮೀನುಗಳಂತೆ ಕಾಣುತ್ತವೆ. ಮ್ಯಾಕೆರೆಲ್‌ಗೆ ಒಳಗೆ ಗಾಳಿಚೀಲವಿಲ್ಲದ ಕಾರಣ ಅದು ಸದಾ ಈಜುತ್ತಲೇ ಇರಬೇಕು. ಅದೇ ಕಾರಣಕ್ಕೆ ಮೇಲಕ್ಕೂ ಕೆಳಕ್ಕೂ ಸಲೀಸಾಗಿ ಓಡಾಡುತ್ತದೆ. ಹಾಗಾಗಿ ಗುಂಡು ನೀರಿಗೆ ಬಿದ್ದೊಡನೆ ಮನಸ್ಸಿನಲ್ಲಿ ಐದು ಎಣಿಸಿ ಎಳೆಯುವುದು, ಸಿಗದಿದ್ದರೆ ಮುಂದಿನ ಸಲ ಹತ್ತು, ಆಮೇಲೆ ಹದಿನೈದು. ಯಾವ ಎಣಿಕೆಗೆ ಕೋಲಿನ ತುದಿ ನಡುಗಿತೋ, ಹಿಂಡು ಇರುವ ಆಳ ಅದು.

ಅಂಗಡಿಯಲ್ಲಿ ಸಿಗುವ ಸರದಲ್ಲಿ ಸಾಮಾನ್ಯವಾಗಿ ಆರು ಕೊಕ್ಕೆಗಳಿರುತ್ತವೆ. ಅದನ್ನು ಕತ್ತರಿಸಿ ಮೂರಕ್ಕೆ ಇಳಿಸಬೇಕೆನ್ನುವುದು ನನ್ನ ಹಟ. ಆರು ಮೀನು ಒಟ್ಟಿಗೆ ಆರು ದಿಕ್ಕಿಗೆ ಎಳೆದರೆ ದಾರ ಬಿಡಿಸುವಷ್ಟರಲ್ಲಿ ಹಿಂಡು ದಾಟಿಹೋಗುತ್ತದೆ, ಹಿಡಿದ ಮೀನು ಬಿಸಿಲಿಗೆ ಕೆಡುತ್ತದೆ. ಈ ಮೀನು ಎಷ್ಟು ಬೇಗ ಹಾಳಾಗುತ್ತದೆಂದರೆ, ಭಾನುವಾರದ ವ್ಯಾಪಾರಕ್ಕೆ ನಿರ್ಬಂಧವಿದ್ದ ಕಾಲದಲ್ಲೂ ಇಂಗ್ಲೆಂಡಿನ 1698ರ ಕಾಯಿದೆ ಮ್ಯಾಕೆರೆಲ್ ಮಾರಾಟಕ್ಕೆ ಮಾತ್ರ ವಿನಾಯಿತಿ ಕೊಟ್ಟಿತ್ತು. ಹಿಡಿದ ತಕ್ಷಣ ತಲೆಗೆ ಒಂದು ಪೆಟ್ಟು ಕೊಟ್ಟು, ಕಿವಿರಿನ ಬಳಿ ಕೊಯ್ದು ರಕ್ತ ಹರಿಯಲು ಬಿಟ್ಟು, ಐಸಿನ ಡಬ್ಬಿಗೆ ಹಾಕಬೇಕು. ಆಗಷ್ಟೇ ನೀರಿನಿಂದ ಬಂದಾಗ ಅದರ ಬೆನ್ನಿನ ಹಸಿರು ನೀಲಿಯ ಮೇಲೆ ಕಪ್ಪು ಅಲೆಗೆರೆಗಳು ಹೊಳೆಯುತ್ತಿರುತ್ತವೆ. ಸ್ವಲ್ಪ ಹೊತ್ತಿಗೆಲ್ಲ ಆ ಹಸಿರು ಮಂಕಾಗುತ್ತದೆ.

ಬಕೆಟ್ ತುಂಬಿಸಿಕೊಂಡು, ಮನೆಗೆ ಹೋಗುವಾಗ ಅರ್ಧವನ್ನು ಸೀಗಲ್‌ಗಳಿಗೆ ಎಸೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಈಶಾನ್ಯ ಅಟ್ಲಾಂಟಿಕ್‌ನ ಮ್ಯಾಕೆರೆಲ್ ಸಂತತಿ ಇಳಿದಿರುವುದರಿಂದ 2026ರಲ್ಲಿ ಹಿಡಿಯುವ ಪ್ರಮಾಣವನ್ನು ಸುಮಾರು ಶೇ 70ರಷ್ಟು ತಗ್ಗಿಸಬೇಕೆಂದು ಅಂತರರಾಷ್ಟ್ರೀಯ ಸಮುದ್ರ ಸಂಶೋಧನಾ ಮಂಡಳಿಯಾದ ಐಸಿಇಎಸ್‌ನ ವಿಜ್ಞಾನಿಗಳು 2025ರಲ್ಲಿ ಸಲಹೆ ಕೊಟ್ಟಿದ್ದಾರೆ. ಹಡಗುಗಳು ಬಾಚುವುದರ ಮುಂದೆ ಗೋಡೆಯ ಮೇಲಿನವರ ಪಾಲು ಏನೇನೂ ಅಲ್ಲ, ನಿಜ. ಆದರೂ ತಿನ್ನದ ಮೀನನ್ನು ಕೊಲ್ಲುವುದಕ್ಕೆ ಅದು ಸಬೂಬಲ್ಲ.

ಅಡುಗೆಯ ವಿಷಯಕ್ಕೆ ಬಂದರೆ, ಇದರಲ್ಲಿ ಜಿಡ್ಡು ಬಂಗುಡೆಗಿಂತ ಹೆಚ್ಚು. ರವೆ ಹಚ್ಚಿ ಕಾಯಿಸುವುದಾದರೆ ಕಾವಲಿಗೆ ಎಣ್ಣೆ ಸವರಿದರೆ ಸಾಕು. ಹುಳಿಖಾರದ ಗಸಿಯಾದ ಪುಳಿಮುಂಚಿ ಮಾಡುವವರು ಹುಣಸೆಯನ್ನು ಊರಿನ ಅಳತೆಗಿಂತ ಒಂದಿಷ್ಟು ಜಾಸ್ತಿಯೇ ಹಾಕಿಕೊಳ್ಳಲಿ.