ಪ್ಲೇಟೋ, ಕೀಯೋ, ಬಾಕ್ಸೋ: ನನ್ನ ಟೂ-ಸ್ಟ್ರೋಕ್ ಎಟಿವಿಯ ಟೈಮಿಂಗ್ ಅಡ್ವಾನ್ಸ್

ನನ್ನ ಬಳಿ ಇರುವ ಎಟಿವಿ, ಅಂದರೆ ಕಚ್ಚಾ ಹಾದಿಯಲ್ಲಿ ಓಡಿಸುವ ನಾಲ್ಕು ಚಕ್ರದ ಬಂಡಿ, ನನ್ನ ಕೈಗೆ ಬರುವ ಮೊದಲೇ ಸಾಕಷ್ಟು ದುಡಿದದ್ದು. 250 ಸಿಸಿಯ, ನೀರಿನಿಂದ ತಂಪಾಗುವ, ಒಂದೇ ಸಿಲಿಂಡರಿನ ಟೂ-ಸ್ಟ್ರೋಕ್ ಎಂಜಿನ್ ಅದರದು. ತಿರುವು ಮುಗಿದು ಹೆಬ್ಬೆರಳಿನಿಂದ ಥ್ರಾಟಲ್ ಒತ್ತಿದಾಗ ಅದು ಅರೆಕ್ಷಣ ತಡೆದು ಆಮೇಲೆ ಎಳೆಯುತ್ತಿತ್ತು. ಇಗ್ನಿಷನ್ ಟೈಮಿಂಗನ್ನು ಸ್ವಲ್ಪ ಅಡ್ವಾನ್ಸ್ ಮಾಡಿದರೆ ಈ ತಡೆ ಹೋಗುತ್ತದೆ ಎಂದು ನಾನು ತೀರ್ಮಾನಿಸಿದ್ದೆ. ಆ ತೀರ್ಮಾನ ಎಷ್ಟು ಸರಿಯಾಗಿತ್ತು ಎಂಬುದನ್ನು ಕೊನೆಗೆ ಹೇಳುತ್ತೇನೆ. ಮೊದಲಿಗೆ, ಅಡ್ವಾನ್ಸ್ ಮಾಡಲು ಇರುವ ಮೂರು ದಾರಿಗಳಲ್ಲಿ ಒಂದನ್ನು ಆರಿಸಿಕೊಳ್ಳಲು ನನಗೆ ಎರಡು ವಾರ ಏಕೆ ಬೇಕಾಯಿತು ಎಂಬುದನ್ನು ಬರೆಯಬೇಕಾಗಿದೆ.

ಭಾಷೆಯ ಒಂದು ತೊಡಕನ್ನು ಇಲ್ಲಿಯೇ ಬಿಡಿಸಿಬಿಡುತ್ತೇನೆ. ಅಡ್ವಾನ್ಸ್ ಎಂಬುದಕ್ಕೆ ‘ಮುಂದೂಡುವುದು’ ಎಂದು ಬರೆಯಲು ಕೈ ತಾನಾಗಿ ಹೋಗುತ್ತದೆ. ಆದರೆ ಕನ್ನಡದಲ್ಲಿ ಸಭೆಯನ್ನು ಮುಂದೂಡಿದರೆ ಅದು ತಡವಾಗುತ್ತದೆ, ಅಂದರೆ ಅರ್ಥ ನೇರವಾಗಿ ಉಲ್ಟಾ ಆಗುತ್ತದೆ. ಇಲ್ಲಿ ನಾವು ಮಾಡುವುದು ಕಿಡಿಯನ್ನು ಇನ್ನೂ ಬೇಗ ಹಾರಿಸುವ ಕೆಲಸ. ಪಿಸ್ಟನ್ ತನ್ನ ಮೇಲಿನ ತುದಿಯನ್ನು, ಅಂದರೆ ಟಿಡಿಸಿಯನ್ನು, ತಲುಪುವುದಕ್ಕೆ ಎಷ್ಟು ಡಿಗ್ರಿ ಮುಂಚೆ ಪ್ಲಗ್ಗಿನಲ್ಲಿ ಕಿಡಿ ಹಾರುತ್ತದೆಯೋ ಅದೇ ಟೈಮಿಂಗ್. ಆದ್ದರಿಂದ ಈ ಬರಹದಲ್ಲಿ ಅಡ್ವಾನ್ಸ್ ಎಂಬ ಮಾತನ್ನೇ ಉಳಿಸಿಕೊಂಡಿದ್ದೇನೆ.

ಕಿಡಿ ಹಾರಿದ ಕೂಡಲೇ ಒತ್ತಡ ಹುಟ್ಟುವುದಿಲ್ಲ. ಜ್ವಾಲೆ ಹಬ್ಬಲು ಸಮಯ ಬೇಕು, ಆ ಸಮಯದಲ್ಲಿ ಕ್ರ್ಯಾಂಕ್, ಅಂದರೆ ಪಿಸ್ಟನ್ನಿನ ಏರಿಳಿತವನ್ನು ಸುತ್ತಾಟವಾಗಿಸುವ ದಂಡ, ತಿರುಗುತ್ತಲೇ ಇರುತ್ತದೆ. 6000 ಆರ್‌ಪಿಎಂನಲ್ಲಿ ಒಂದು ಮಿಲಿಸೆಕೆಂಡಿಗೆ ಕ್ರ್ಯಾಂಕ್ 36 ಡಿಗ್ರಿ ತಿರುಗಿದರೆ 9000ದಲ್ಲಿ 54 ಡಿಗ್ರಿ ತಿರುಗುತ್ತದೆ. ಒತ್ತಡದ ತುತ್ತತುದಿ ಟಿಡಿಸಿ ದಾಟಿದ ಹತ್ತು-ಹದಿನೈದು ಡಿಗ್ರಿಯ ಆಸುಪಾಸಿನಲ್ಲಿ ಬಂದರೆ ಪಿಸ್ಟನ್ನಿಗೆ ಸಿಗುವ ತಳ್ಳು ಅತ್ಯಂತ ಲಾಭದಾಯಕ. ಹಾಗಾದರೆ ಆರ್‌ಪಿಎಂ ಏರಿದಂತೆಲ್ಲ ಅಡ್ವಾನ್ಸ್ ಹೆಚ್ಚಬೇಕಲ್ಲವೇ ಎಂದರೆ, ಟೂ-ಸ್ಟ್ರೋಕ್ ಇಲ್ಲಿ ತನ್ನದೇ ಹಾದಿ ಹಿಡಿಯುತ್ತದೆ. ಎಂಜಿನ್ ತನ್ನ ಹೊಗೆ ಪೈಪಿಗೆ ಹೊಂದುವ ವೇಗಕ್ಕೆ ಬಂದಾಗ ಸಿಲಿಂಡರ್ ಚೆನ್ನಾಗಿ ತುಂಬಿ, ಒಳಗಿನ ಕಲಕಾಟವೂ ಹೆಚ್ಚಿ, ಉರಿಯುವಿಕೆ ಚುರುಕಾಗುತ್ತದೆ. ಹೀಗಾಗಿ ಬಹಳಷ್ಟು ಟೂ-ಸ್ಟ್ರೋಕ್ ಸಿಡಿಐಗಳು, ಅಂದರೆ ಕಿಡಿಯನ್ನು ಹಾರಿಸುವ ಎಲೆಕ್ಟ್ರಾನಿಕ್ ಬಾಕ್ಸುಗಳು, ಮಧ್ಯದ ಆರ್‌ಪಿಎಂವರೆಗೆ ಅಡ್ವಾನ್ಸ್ ಕೊಟ್ಟು, ಮೇಲಕ್ಕೆ ಹೋದಂತೆ ಅದನ್ನು ಹಿಂದಕ್ಕೆ ಎಳೆದುಕೊಳ್ಳುತ್ತವೆ. ತಡವಾಗಿ ಹಾರಿದ ಕಿಡಿ ಹೆಚ್ಚು ಶಾಖವನ್ನು ಎಕ್ಸ್‌ಪಾನ್ಷನ್ ಚೇಂಬರಿಗೆ, ಅಂದರೆ ಹೊಗೆ ಪೈಪಿನ ಉಬ್ಬಿದ ಭಾಗಕ್ಕೆ, ಕಳಿಸುತ್ತದೆ. ಬಿಸಿಯಾದ ಅನಿಲದಲ್ಲಿ ಒತ್ತಡದ ಅಲೆ ವೇಗವಾಗಿ ಓಡುವುದರಿಂದ ಪೈಪ್ ಇನ್ನೂ ಹೆಚ್ಚಿನ ಆರ್‌ಪಿಎಂಗೆ ಹೊಂದಿಕೊಂಡಂತಾಗಿ ಎಂಜಿನ್ ಮೇಲಕ್ಕೆ ಉದ್ದವಾಗಿ ಎಳೆಯುತ್ತದೆ. ಬೇಗ ಹಾರಿಸಿದರೆ ಇದರ ತಿರುವುಮುರುವು: ಶಾಖ ಪೈಪಿನ ಬದಲು ಹೆಡ್ಡಿಗೂ ಪಿಸ್ಟನ್ನಿಗೂ ಸೇರುತ್ತದೆ, ಮಧ್ಯದ ಎಳೆತ ಗಟ್ಟಿಯಾಗುತ್ತದೆ, ತುದಿಯ ಓಟ ಬೇಗ ಮುಗಿಯುತ್ತದೆ. ಅಡ್ವಾನ್ಸ್ ಎಂದರೆ ಶಕ್ತಿಯನ್ನು ಒಂದು ಕಡೆಯಿಂದ ತೆಗೆದು ಇನ್ನೊಂದು ಕಡೆ ಇಡುವ ವ್ಯವಹಾರ. ಅದರ ಬಡ್ಡಿಯನ್ನು ಪಿಸ್ಟನ್ ಕಟ್ಟುತ್ತದೆ.

ಎಟಿವಿ ಜನರ ಬಾಯಲ್ಲಿ ‘ನಾಲ್ಕು ಡಿಗ್ರಿ’ ಎಂಬುದು ಮಂತ್ರದಂತೆ ಓಡಾಡುತ್ತದೆ. 1987ರಿಂದ ಬಹುಕಾಲ ತಯಾರಾದ, ಎರಡು ಸಿಲಿಂಡರಿನ 347 ಸಿಸಿಯ ಯಮಹಾ ಬ್ಯಾನ್‌ಶೀಯ ಬಳಕೆದಾರರಲ್ಲಿ ಆ ಮಾತು ಗಟ್ಟಿಯಾಗಿ ನೆಲೆಸಿದೆ, ಅಲ್ಲಿಂದ ಬೇರೆ ಬಂಡಿಗಳಿಗೂ ಹರಡಿದೆ. ನಾಲ್ಕು ಡಿಗ್ರಿ ಎಂದರೆ ನಿಜವಾಗಿ ಎಷ್ಟು ಎಂದು ಲೆಕ್ಕ ಹಾಕಿ ನೋಡಿದೆ. ಬ್ಯಾನ್‌ಶೀಯ ಸ್ಟ್ರೋಕ್ 54 ಮಿಲಿಮೀಟರ್, ಕನೆಕ್ಟಿಂಗ್ ರಾಡಿನ ಉದ್ದ 110 ಮಿಲಿಮೀಟರ್. ಅದರಲ್ಲಿ ಟಿಡಿಸಿಗೆ 16 ಡಿಗ್ರಿ ಮೊದಲು ಪಿಸ್ಟನ್ ತುದಿಯಿಂದ ಸುಮಾರು 1.30 ಮಿಲಿಮೀಟರ್ ಕೆಳಗಿರುತ್ತದೆ, 20 ಡಿಗ್ರಿ ಮೊದಲು ಸುಮಾರು 2.02 ಮಿಲಿಮೀಟರ್ ಕೆಳಗಿರುತ್ತದೆ. ಇಡೀ ಚರ್ಚೆ ಪಿಸ್ಟನ್ನಿನ ಮುಕ್ಕಾಲು ಮಿಲಿಮೀಟರಿಗೂ ಕಡಿಮೆ ಚಲನೆಯ ಬಗ್ಗೆ ಎಂದು ತಿಳಿದ ಮೇಲೆ, ಅಂದಾಜಿನಲ್ಲಿ ಕಾನಸು ಹಿಡಿದು ಉಜ್ಜುವ ಆಸೆ ನನಗೆ ಕಡಿಮೆಯಾಯಿತು.

ಮೊದಲನೆಯ ದಾರಿ ಸ್ಟೇಟರ್ ಪ್ಲೇಟನ್ನು ತಿರುಗಿಸುವುದು. ಇದು ಎಂಜಿನ್ನಿನ ಕೇಸಿಗೆ ಸ್ಕ್ರೂ ಹಾಕಿ ಕೂರಿಸಿದ, ಇಗ್ನಿಷನ್ನಿನ ಕಾಯಿಲ್‌ಗಳನ್ನು ಹೊತ್ತ ಪ್ಲೇಟು. ಕಿಡಿಗೆ ಸಂಕೇತ ಕೊಡುವ ಪಿಕಪ್ ಕಾಯಿಲ್ ಈ ಪ್ಲೇಟಿನ ಮೇಲೆಯೇ ಕೂತಿದ್ದರೆ, ಪ್ಲೇಟನ್ನು ಕ್ರ್ಯಾಂಕ್ ತಿರುಗುವ ದಿಕ್ಕಿಗೆ ವಿರುದ್ಧವಾಗಿ ಸರಿಸಿದಾಗ, ಕ್ರ್ಯಾಂಕಿನ ತುದಿಯ ಭಾರದ ಚಕ್ರವಾದ ಫ್ಲೈವೀಲ್ ಪಿಕಪ್ಪನ್ನು ಬೇಗ ತಲುಪುತ್ತದೆ, ಕಿಡಿಯೂ ಬೇಗ ಹಾರುತ್ತದೆ. ಕೆಲವು ಪ್ಲೇಟುಗಳಲ್ಲಿ ಸ್ಕ್ರೂ ತೂತುಗಳು ಮೊದಲೇ ಉದ್ದವಾಗಿರುತ್ತವೆ, ಇಲ್ಲವಾದರೆ ಅವುಗಳನ್ನು ನಾವೇ ಉದ್ದಗೊಳಿಸಬೇಕು, ಅಥವಾ ಹಾಗೆ ಮಾಡಿಯೇ ಮಾರುವ ಪ್ಲೇಟ್ ಕೊಳ್ಳಬೇಕು. ತೂತು ಮಧ್ಯಬಿಂದುವಿನಿಂದ 40 ಮಿಲಿಮೀಟರ್ ದೂರದಲ್ಲಿದ್ದರೆ ಒಂದು ಡಿಗ್ರಿಗೆ 0.7 ಮಿಲಿಮೀಟರ್ ಸರಿತ ಬೇಕು, ನಾಲ್ಕಕ್ಕೆ 2.8. ಇದು ಕಣ್ಣಿಗೆ ಕಾಣುವ, ಗೆರೆ ಎಳೆದು ಗುರುತಿಸಬಹುದಾದ ಅಳತೆ. ತೊಂದರೆ ಇಷ್ಟೇ: ನನ್ನ ಎಂಜಿನ್ನಿನಲ್ಲಿ ಪ್ಲೇಟಿನ ಸ್ಕ್ರೂ ಮುಟ್ಟಬೇಕಾದರೆ ಪ್ರತಿಸಲವೂ ಪುಲ್ಲರ್ ಹಾಕಿ ಫ್ಲೈವೀಲ್ ಬಿಚ್ಚಬೇಕು.

ಎರಡನೆಯದು ಆಫ್‌ಸೆಟ್ ಕೀ. ಫ್ಲೈವೀಲನ್ನು ಕ್ರ್ಯಾಂಕಿನ ಮೇಲೆ ಸರಿಯಾದ ಜಾಗದಲ್ಲಿ ನಿಲ್ಲಿಸುವ ಅರ್ಧಚಂದ್ರಾಕಾರದ ಉಡ್ರಫ್ ಕೀಯ ಬದಲು ಮೆಟ್ಟಿಲಿರುವ ಕೀ ಹಾಕಿದರೆ ಫ್ಲೈವೀಲ್ ತಿರುಗುವ ದಿಕ್ಕಿನಲ್ಲಿ ಸ್ವಲ್ಪ ಮುಂದೆ ಕೂರುತ್ತದೆ. ಪ್ಲೇಟನ್ನು ಮುಟ್ಟುವ ಅಗತ್ಯವಿಲ್ಲ, ಲೋಹ ಕತ್ತರಿಸುವ ಅಗತ್ಯವೂ ಇಲ್ಲ. ಒಂದು ಮಾತನ್ನು ಮಾತ್ರ ನೆನಪಿಡಬೇಕು: ಫ್ಲೈವೀಲನ್ನು ಹಿಡಿದು ತಿರುಗಿಸುವುದು ಕೀ ಅಲ್ಲ, ಟೇಪರಿನ, ಅಂದರೆ ಕ್ರ್ಯಾಂಕಿನ ಶಂಕುವಿನಂತೆ ಕಿರಿದಾಗುವ ತುದಿಯ, ಹಿಡಿತ. ಟೇಪರಿನಲ್ಲಿ ಎಣ್ಣೆಯೋ ಗೀರೋ ಇದ್ದರೆ, ನಟ್ಟನ್ನು ಹೇಳಿದ ಟಾರ್ಕಿಗೆ ಬಿಗಿಯದಿದ್ದರೆ, ಫ್ಲೈವೀಲ್ ಜಾರಿ ಕೀಯನ್ನು ಕತ್ತರಿಸಿಹಾಕುತ್ತದೆ. ಮೆಟ್ಟಿಲಿನ ಕೀ ಮೊದಲೇ ತೆಳುವಾದದ್ದು.

ಮೂರನೆಯದು ಸಿಡಿಐ ಬಾಕ್ಸನ್ನೇ ಬದಲಿಸುವುದು. ಪ್ಲೇಟೂ ಕೀಯೂ ಕಾರ್ಖಾನೆ ಕೊಟ್ಟ ಕರ್ವನ್ನು, ಅಂದರೆ ಯಾವ ಆರ್‌ಪಿಎಂಗೆ ಎಷ್ಟು ಡಿಗ್ರಿ ಎಂಬ ರೇಖೆಯನ್ನು, ಇದ್ದ ಹಾಗೆಯೇ ಎತ್ತಿ ಪಕ್ಕಕ್ಕೆ ಇಡುತ್ತವೆ. ಮಧ್ಯಕ್ಕೆ ಮೂರು ಡಿಗ್ರಿ ಕೊಟ್ಟರೆ ಐಡಲ್‌ಗೂ ಮೂರು, ತುದಿಗೂ ಮೂರು. ಪ್ರೋಗ್ರಾಮ್ ಮಾಡಬಹುದಾದ ಬಾಕ್ಸ್ ಮಾತ್ರ ಕರ್ವಿನ ಆಕಾರವನ್ನೇ ಬದಲಿಸಬಲ್ಲದು: ಕಿಕ್ ಹೊಡೆಯುವಾಗ ಕಡಿಮೆ, ಮಧ್ಯಕ್ಕೆ ಹೆಚ್ಚು, ತುದಿಯಲ್ಲಿ ಮತ್ತೆ ಕಡಿಮೆ. ಕಾಗದದ ಮೇಲೆ ಇದಕ್ಕೆ ಸಾಟಿಯಿಲ್ಲ. ಆದರೆ ಸರಳ ಬಾಕ್ಸ್ ಪಿಕಪ್ಪಿನ ಸಂಕೇತ ಬಂದ ಮೇಲೆ ಕಾಯಬಲ್ಲದೇ ಹೊರತು, ಸಂಕೇತ ಬರುವ ಮೊದಲೇ ಕಿಡಿ ಹಾರಿಸಲಾರದು. ಹೆಚ್ಚು ಅಡ್ವಾನ್ಸ್ ಬೇಕೆಂದರೆ ಹಿಂದಿನ ಸುತ್ತಿನಿಂದ ಲೆಕ್ಕ ಹಾಕುವ ಬಾಕ್ಸ್ ಬೇಕು, ಇಲ್ಲವೇ ಪಿಕಪ್ಪಿನ ಜಾಗವನ್ನೇ ಸರಿಸಬೇಕು, ಅಂದರೆ ಪ್ಲೇಟಿಗೇ ಹಿಂದಿರುಗಿದಂತಾಯಿತು. ಇದಲ್ಲದೆ, ಎಂಜಿನ್ನಿನ ಶಕ್ತಿಯನ್ನು ಅಳೆಯುವ ಡೈನೋ ಯಂತ್ರವಿಲ್ಲದೆ ಬರೆದ ಕರ್ವ್ ಬರೀ ಊಹೆ. ನನ್ನ ಬಳಿ ಡೈನೋ ಇಲ್ಲವಾದ್ದರಿಂದ ಬಾಕ್ಸನ್ನು ಅಲ್ಲಿಗೇ ಕೈಬಿಟ್ಟೆ.

ಪ್ಲೇಟು ಮತ್ತು ಕೀಗಳ ನಡುವೆ ನನ್ನ ಮನಸ್ಸು ಕೀಯ ಕಡೆಗೇ ವಾಲಿತ್ತು. ಅರ್ಧ ಗಂಟೆಯ ಕೆಲಸ, ಬೇಡವೆನಿಸಿದರೆ ಹಳೆಯ ಕೀ ಹಾಕಿದರಾಯಿತು. ತರಿಸುವ ಮುನ್ನ ಈಗಿರುವ ಟೈಮಿಂಗನ್ನು ಒಮ್ಮೆ ನೋಡೋಣವೆಂದು, ಪ್ರತಿ ಕಿಡಿಗೂ ಮಿಂಚಿ ಗುರುತನ್ನು ನಿಂತಂತೆ ತೋರಿಸುವ ಸ್ಟ್ರೋಬ್ ದೀಪ ಹಿಡಿದೆ. ಫ್ಲೈವೀಲಿನ ಮೇಲಿನ ಕಿಡಿಯ ಗುರುತು ಕೇಸಿನ ಗೆರೆಗೆ ಸರಿಯಾಗಿ ಕೂತಿತ್ತು. ಅಲ್ಲಿಗೆ ಬಿಟ್ಟಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಆದರೆ ಕ್ರ್ಯಾಂಕ್ ಎಷ್ಟು ತಿರುಗಿತೆಂದು ಅಳೆಯುವ ಡಿಗ್ರಿ ಚಕ್ರವನ್ನು ಹೊಸದಾಗಿ ತಂದಿದ್ದೆ, ಅದನ್ನು ಬಳಸುವ ಚಪಲವಿತ್ತು. ಪ್ಲಗ್ಗಿನ ತೂತಿಗೆ ಪಿಸ್ಟನ್ ಸ್ಟಾಪ್ ತಿರುಗಿಸಿ, ಫ್ಲೈವೀಲನ್ನು ಒಮ್ಮೆ ಈ ಕಡೆಯಿಂದ, ಒಮ್ಮೆ ಆ ಕಡೆಯಿಂದ ಪಿಸ್ಟನ್ ತಾಗುವವರೆಗೆ ಕೈಯಲ್ಲಿ ಮೆಲ್ಲಗೆ ತಿರುಗಿಸಿ, ಎರಡು ಅಂಕಿಗಳ ನಟ್ಟನಡುವನ್ನು ಹಿಡಿದರೆ ಅದೇ ನಿಜವಾದ ಟಿಡಿಸಿ. ಅಲ್ಲಿ ನಿಲ್ಲಿಸಿ ನೋಡಿದರೆ ಫ್ಲೈವೀಲಿನ ಟಿಡಿಸಿ ಗುರುತು ಕೇಸಿನ ಗೆರೆಯನ್ನು ಮೂರು ಡಿಗ್ರಿಯಷ್ಟು ದಾಟಿ ಹೋಗಿತ್ತು. ಅಳತೆ ತಪ್ಪಿರಬೇಕೆಂದು ಮತ್ತೆ ಎರಡು ಸಲ ಮಾಡಿದೆ, ಅದೇ ಮೂರು.

ಫ್ಲೈವೀಲ್ ಬಿಚ್ಚಿದಾಗ ಒಳಗೆ ಮೆಟ್ಟಿಲಿನ ಕೀ ಕೂತಿತ್ತು. ಯಾರೋ ಹಿಂದಿನ ಮಾಲೀಕರು ಹಾಕಿ, ಯಾರಿಗೂ ಹೇಳದೆ ಮಾರಿದ್ದರು. 20 ಮಿಲಿಮೀಟರ್ ವ್ಯಾಸದ ಟೇಪರಿನಲ್ಲಿ ಮೂರು ಡಿಗ್ರಿ ಎಂದರೆ ಅರ್ಧ ಮಿಲಿಮೀಟರಿನ ಮೆಟ್ಟಿಲು. ಅದನ್ನು ಹುಡುಕಿಕೊಂಡೇ ಹೋದವರಿಗೆ ಮಾತ್ರ ಕಾಣುವಂಥದ್ದು. ಸ್ಟ್ರೋಬ್ ದೀಪ ಏಕೆ ಸುಳ್ಳು ಹೇಳಿತು ಎಂಬುದು ಆಗ ಹೊಳೆಯಿತು. ಗುರುತು ಇರುವುದು ಫ್ಲೈವೀಲಿನ ಮೇಲೆ. ಕೀ ಫ್ಲೈವೀಲನ್ನು ಸರಿಸಿದಾಗ ಗುರುತೂ ಅದರೊಂದಿಗೇ ಸರಿಯುತ್ತದೆ. ಪಿಕಪ್ಪಿಗೂ ಗುರುತಿಗೂ ಇರುವ ಸಂಬಂಧ ಬದಲಾಗುವುದೇ ಇಲ್ಲ, ಬದಲಾಗುವುದು ಗುರುತಿಗೂ ಪಿಸ್ಟನ್ನಿಗೂ ಇರುವ ಸಂಬಂಧ, ಅದು ದೀಪಕ್ಕೆ ಕಾಣದು. ಪ್ಲೇಟನ್ನು ತಿರುಗಿಸಿದರೆ ಹಾಗಲ್ಲ. ಫ್ಲೈವೀಲ್ ತನ್ನ ಜಾಗದಲ್ಲೇ ಇರುವುದರಿಂದ, ಎಷ್ಟು ಡಿಗ್ರಿ ಸರಿಸಿದ್ದೇವೋ ಅಷ್ಟೂ ದೀಪದ ಬೆಳಕಿನಲ್ಲಿ ಕಾಣುತ್ತದೆ. ಈ ತಪಾಸಣೆ ಮಾಡದೆ ನಾನು ತೂತುಗಳನ್ನು ಉದ್ದ ಮಾಡಿ ನಾಲ್ಕು ಡಿಗ್ರಿ ಕೊಟ್ಟಿದ್ದರೆ ಒಟ್ಟು ಏಳಾಗುತ್ತಿತ್ತು, ಪಿಸ್ಟನ್ ಎಷ್ಟು ದಿನ ತಾಳುತ್ತಿತ್ತೋ ಹೇಳಲಾಗದು.

ಆ ಗಳಿಗೆಯಲ್ಲಿ ಆಯ್ಕೆ ತೀರ್ಮಾನವಾಯಿತು: ಪ್ಲೇಟೇ ಸೈ. ನೇರವಾದ ಕೀ ತರಿಸಿದೆ. ಟೇಪರಿಗೆ ವಾಲ್ವ್ ಗ್ರೈಂಡಿಂಗ್ ಪೇಸ್ಟ್ ಹಚ್ಚಿ, ಕೀ ಇಲ್ಲದೆ ಫ್ಲೈವೀಲನ್ನು ಹಿಂದೆ ಮುಂದೆ ಆಡಿಸಿ, ಎರಡೂ ಮುಖಗಳಲ್ಲಿ ಸುತ್ತಲೂ ಒಂದೇ ಬೂದುಬಣ್ಣ ಬರುವವರೆಗೆ ಉಜ್ಜಿ, ಪೇಸ್ಟಿನ ಅಂಶ ಉಳಿಯದಂತೆ ತೊಳೆದು, ಒಣಗಿಸಿ ಕೂರಿಸಿದೆ. ಪ್ಲೇಟಿನ ತೂತುಗಳನ್ನು ಸಣ್ಣ ದುಂಡು ಕಾನಸಿನಿಂದ ಉದ್ದ ಮಾಡಿದೆ. ಕಾರ್ಖಾನೆಯ ಜಾಗಕ್ಕೆ ಒಂದು ಗೆರೆ, ಅಲ್ಲಿಂದ ಡಿಗ್ರಿಗೊಂದರಂತೆ ನಾಲ್ಕು ಗೆರೆಗಳನ್ನು ಚೂಪುಮೊಳೆಯಿಂದ ಕೊರೆದೆ. ವೈರಿನ ಕಟ್ಟು ಎಲ್ಲೂ ಬಿಗಿಯಾಗದಂತೆಯೂ ಫ್ಲೈವೀಲಿಗೆ ತಾಗದಂತೆಯೂ ನೋಡಿಕೊಂಡೆ, ಪಿಕಪ್ಪಿನ ಸಂದನ್ನು ಫೀಲರ್ ಗೇಜಿನಲ್ಲಿ ಪರೀಕ್ಷಿಸಿದೆ.

ಸೊನ್ನೆಯಲ್ಲಿ ಓಡಿಸಿದಾಗ ಬಂಡಿ ಮೆತ್ತಗಿತ್ತು, ಆದರೆ ತುದಿಯಲ್ಲಿ ನಾನು ಅದುವರೆಗೆ ಕಾಣದಷ್ಟು ಉದ್ದ ಎಳೆಯಿತು. ಎರಡು ಡಿಗ್ರಿಗೆ ಮಧ್ಯ ಗಟ್ಟಿಯಾಯಿತು. ನಾಲ್ಕಕ್ಕೆ ಹೋದಾಗ ಕಿಕ್ ಲಿವರ್ ಒಮ್ಮೆ ಕಾಲಿಗೆ ತಿರುಗಿ ಹೊಡೆಯಿತು, ಉದ್ದದ ಏರಿನಲ್ಲಿ ನೀರಿನ ಉಷ್ಣತೆ ಏರತೊಡಗಿತು. ಟೂ-ಸ್ಟ್ರೋಕಿನ ಸದ್ದಿನಲ್ಲಿ ನಾಕಿಂಗ್, ಅಂದರೆ ಮಿಶ್ರಣ ಹದವಾಗಿ ಉರಿಯದೆ ಸಿಡಿಯುವ ಸದ್ದು, ಕಿವಿಗೆ ಬೀಳುತ್ತದೆಂದು ನಂಬಿ ಕೂರುವಂತಿಲ್ಲ. ಆದ್ದರಿಂದ ಪ್ರತಿ ಹಂತದ ನಂತರವೂ ಪ್ಲಗ್ ಬಿಚ್ಚಿ, ಪಿಂಗಾಣಿಯ ಮೇಲೆ ಮೆಣಸಿನ ಪುಡಿಯಂಥ ಕಪ್ಪು ಚುಕ್ಕೆಯೋ ಹೊಳೆಯುವ ಲೋಹದ ಕಣವೋ ಇದೆಯೇ ಎಂದು ಭೂತಗನ್ನಡಿಯಲ್ಲಿ ನೋಡುತ್ತಿದ್ದೆ. ಪ್ಲಗ್ಗಿನ ತೂತಿನಿಂದ ಟಾರ್ಚ್ ಬಿಟ್ಟು, ಪಿಸ್ಟನ್ನಿನ ತಲೆಯಲ್ಲಿ ಮರಳು ಎರಚಿದಂಥ ಗುಳಿಗಳಿವೆಯೇ ಎಂದೂ ನೋಡುತ್ತಿದ್ದೆ. ನಾಲ್ಕರ ಓಟದ ನಂತರ ಪಿಂಗಾಣಿಯ ಮೇಲೆ ಎರಡು ಚುಕ್ಕೆ ಕಂಡವು. ಅದೇ ಸಂಜೆ ಒಂದು ಗೆರೆ ಹಿಂದಕ್ಕೆ ತಂದು ಮೂರಕ್ಕೆ ನಿಲ್ಲಿಸಿದೆ.

ಅಂದರೆ, ಹಿಂದಿನವರು ಗುಟ್ಟಾಗಿ ಕೊಟ್ಟಿದ್ದ ಅದೇ ಮೂರು ಡಿಗ್ರಿಗೆ ನಾನು ಸುತ್ತುಬಳಸಿ ಬಂದು ತಲುಪಿದ್ದೆ. ಅವರು ಆರಿಸಿದ ಅಂಕಿಯ ಮೇಲೆ ನನಗೀಗ ತಕರಾರಿಲ್ಲ. ಇನ್ನು, ತಿರುವಿನ ಆಚೆಯ ಆ ಅರೆಕ್ಷಣದ ತಡೆ ಯಾವ ಡಿಗ್ರಿಗೂ ಬಗ್ಗಲಿಲ್ಲ. ಅದು ಹೋದದ್ದು ಕಾರ್ಬ್ಯುರೇಟರಿನ ಸೂಜಿಯ ಕ್ಲಿಪ್ಪನ್ನು ಒಂದು ಗೆರೆ ಬದಲಿಸಿದಾಗ. ಮೆಟ್ಟಿಲಿನ ಹಳೆಯ ಕೀಯನ್ನು ಒಂದು ಸಣ್ಣ ಚೀಟಿಯ ಜೊತೆ ಟೂಲ್ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ. ಇಗ್ನಿಷನ್ ಕವರಿನ ಒಳಮೈಯಲ್ಲಿ ಅಳಿಸದ ಶಾಯಿಯಲ್ಲಿ ‘ಕೀ ನೇರ, ಪ್ಲೇಟ್ ಮೂರನೆಯ ಗೆರೆ’ ಎಂದು ಬರೆದು ಮುಚ್ಚಿದ್ದೇನೆ.