ಕಾಕು ದನಿ, ಅಪ್ಪನ ಸ್ಪೀಕರ್

ಬೆಳಗಾವಿಯ ಮಳೆ ಸ್ಪೀಕರಿಗೆ ಒಳ್ಳೇದಲ್ಲ. ಜೂನ್‌ನಲ್ಲಿ ಶುರುವಾದರೆ ಗಣಪತಿ ಹಬ್ಬದವರೆಗೂ ಹಳೇ ಮನೆಗಳ ಗೋಡೆ ಸರಿಯಾಗಿ ಒಣಗುವುದಿಲ್ಲ. ಪುಸ್ತಕದ ರಟ್ಟಿಗೆ ಬೂಷ್ಟು ಹಿಡಿಯುತ್ತದೆ. ಸ್ಪೀಕರಿನಲ್ಲಿ ನಡುಗಿ ದನಿ ಹೊರಡಿಸುವ ಬಟ್ಟಲಿನಂಥ ಭಾಗಕ್ಕೆ ಕೋನ್ ಅನ್ನುತ್ತಾರೆ. ಇದೇ ತೇವ ಆ ಕೋನ್ ಸುತ್ತ ಇರುವ ಫೋಮ್ ಉಂಗುರವನ್ನೂ ತಿನ್ನುತ್ತದೆ. ಅದು ಪಾಲಿಯುರೇಥೇನ್ ಫೋಮ್. ಗಾಳಿಯ ನೀರಿನಂಶ ಅದನ್ನು ಒಳಗಿಂದಲೇ ಸಡಿಲ ಮಾಡುತ್ತಾ ಹೋಗುತ್ತದೆ. ಹದಿನೈದು ಇಪ್ಪತ್ತು ವರ್ಷ ಕಳೆದ ಮೇಲೆ ಬೆರಳು ಮುಟ್ಟಿಸಿದರೆ ಪುಡಿ. ರಬ್ಬರ್ ಉಂಗುರ ಇರುವ ಸ್ಪೀಕರಿಗೆ ಈ ಕಾಟ ಇಲ್ಲ.

ಅಪ್ಪನ ಸ್ಪೀಕರಿಗೆ ಇದ್ದದ್ದು ಫೋಮೇ. 1980ರ ದಶಕದ ಕೊನೆಯಲ್ಲಿ ಮುಂಬೈನಿಂದ ರೈಲಿನಲ್ಲಿ ತಂದ ಜೋಡಿ ಅದು. ಕೆಳಸ್ವರಕ್ಕೆ ಎಂಟು ಇಂಚಿನ ವೂಫರ್, ಅದರ ಮೇಲೆ ಮೇಲುಸ್ವರಕ್ಕೆ ಒಂದು ಇಂಚಿನ ಟ್ವೀಟರ್, ಮೊಣಕಾಲೆತ್ತರದ ಮರದ ಡಬ್ಬ. ನಾನು ಹುಟ್ಟುವ ಮೊದಲೇ ಮನೆಗೆ ಬಂದಿತ್ತು. ಫೋಮ್ ಉದುರಿ ಕೋನ್ ಜೋತುಬಿದ್ದು, ದನಿ ಒಡೆಯತೊಡಗಿದಾಗ ರಿಪೇರಿ ಅಂಗಡಿಯೊಂದಕ್ಕೆ ಒಯ್ದೆ. “ಗುಜರಿಗೆ ಹಾಕ್ರಿ, ಬ್ಲೂಟೂತ್‌ದು ಒಂದು ತಗೋರಿ” ಅಂದರು. ಅಪ್ಪ ಏನೂ ಮಾತಾಡಲಿಲ್ಲ. ಸ್ಪೀಕರ್ ಮೇಲೆ ಅವ್ವನ ಹಳೇ ಟವೆಲ್ ಹೊದಿಸಿ ಇಟ್ಟರು. ಅವರಿಗೆ ಬೇಜಾರಾಗಿದೆ ಅಂತ ಅದರಿಂದಲೇ ಗೊತ್ತಾಯಿತು.

ಟಿಳಕವಾಡಿಯಲ್ಲಿ ಅಪ್ಪನ ಹಳೇ ಗೆಳೆಯರೊಬ್ಬರಿದ್ದಾರೆ. ಕಾಲೇಜಿನಲ್ಲಿ ಫಿಸಿಕ್ಸ್ ಕಲಿಸಿ ನಿವೃತ್ತರಾದವರು. ನನಗೆ ಅವರು ಕಾಕಾ, ಅವರ ಮನೆಯವರು ಕಾಕು. ಕಾಕಾಗೆ ಹಾಡು ಕೇಳುವ ಹುಚ್ಚು ಎಷ್ಟಿದೆಯೋ, ಹಾಡು ಹೊರಡಿಸುವ ಡಬ್ಬದ ಹುಚ್ಚೂ ಅಷ್ಟೇ ಇದೆ. ಫೋನ್ ಮಾಡಿ ವಿಷಯ ಹೇಳಿದೆ. “ಕೋನ್ ಹರದಿಲ್ಲಲ್ಲ? ಕಾಯಿಲ್ ಉಜ್ಜಾಕತ್ತಿಲ್ಲಲ್ಲ? ಹಂಗಾದ್ರ ತಗೊಂಡ್ ಬಾರೋ ತಮ್ಮಾ, ಉಂಗುರ ತರಸೂಣು” ಅಂದರು.

ಹೊಸ ಫೋಮ್ ಉಂಗುರ ಅಳತೆ ನೋಡಿ ಆನ್‌ಲೈನ್‌ನಲ್ಲಿ ತರಿಸಿದೆವು. ಶ್ರಾವಣದ ಒಂದು ಶನಿವಾರ ಸಂಜೆ ಕೆಲಸ ಶುರುವಾಯಿತು. ಮೊದಲು ಹಳೇ ಫೋಮ್ ಮತ್ತು ಒಣಗಿದ ಅಂಟನ್ನು ಕೆರೆದು ತೆಗೆಯಬೇಕು. ಇದಕ್ಕೇ ಎಲ್ಲಕ್ಕಿಂತ ಜಾಸ್ತಿ ಹೊತ್ತು ಹಿಡಿಯುತ್ತದೆ. ಕಾಗದದ ಕೋನ್ ಮೇಲೆ ಬ್ಲೇಡ್ ಜಾರಿದರೆ ಮುಗಿಯಿತು. ಆಮೇಲೆ ನಡುವಿನ ಗುಮ್ಮಟದಂಥ ಮುಚ್ಚಳ ಬಿಡಿಸಿ, ವಾಯ್ಸ್ ಕಾಯಿಲ್ (ಕೋನನ್ನು ಆಡಿಸುವ ತಂತಿಯ ಸುರುಳಿ) ಮತ್ತು ಅಯಸ್ಕಾಂತದ ನಡುವಿನ ಸಂದಿಯಲ್ಲಿ ತೆಳ್ಳನೆಯ ಪಟ್ಟಿಗಳನ್ನು ಸುತ್ತಲೂ ಸಿಕ್ಕಿಸಬೇಕು. ಆಗ ಕಾಯಿಲ್ ಸರಿಯಾಗಿ ನಡುವೆ ನಿಲ್ಲುತ್ತದೆ. ಕೂದಲೆಳೆಯಷ್ಟು ಆಚೀಚೆ ಆದರೂ ಅದು ಕಬ್ಬಿಣಕ್ಕೆ ಉಜ್ಜಿ ಕೆರೆಯುವ ಸದ್ದು ಬರುತ್ತದೆ. ಕಾಕಾ ಹಳೇ ಎಕ್ಸ್‌ರೇ ಫಿಲ್ಮ್ ಕತ್ತರಿಸಿ ಪಟ್ಟಿ ಮಾಡಿದರು. ಅದು ಕಾಕುನ ಮೊಣಕಾಲಿನ ಎಕ್ಸ್‌ರೇ. “ಡಾಕ್ಟರ್ ಕೇಳಿದ್ರ ಏನ್ ತೋರಸೂದು?” ಅಂತ ಕಾಕು ಒಳಗಿಂದಲೇ ಕೇಳಿದರು.

ಪಟ್ಟಿ ಸಿಕ್ಕಿಸಿ, ಉಂಗುರ ಅಂಟಿಸಿ, ರಾತ್ರಿಯಿಡೀ ಒಣಗಲು ಬಿಟ್ಟೆವು. ಬೆಳಗ್ಗೆ ಪಟ್ಟಿ ಎಳೆದು ಎರಡೂ ಹೆಬ್ಬೆರಳಿಂದ ಕೋನ್ ಒತ್ತಿದೆ. ಮೆತ್ತಗೆ ಒಳಗೆ ಹೋಗಿ ಹೊರಗೆ ಬಂತು. ಎಲ್ಲೂ ಉಜ್ಜಲಿಲ್ಲ. ಮುಚ್ಚಳ ಮತ್ತೆ ಅಂಟಿಸಿ, ಒಂದೂವರೆ ವೋಲ್ಟಿನ ಸೆಲ್ ಹಚ್ಚಿ ನೋಡಿದೆವು. ಪ್ಲಸ್ಸಿಗೆ ಪ್ಲಸ್ ಮುಟ್ಟಿಸಿದರೆ ಕೋನ್ ಮುಂದೆ ಬರಬೇಕು. ಎರಡೂ ಮುಂದೆ ಬಂದವು. ಇದನ್ನು ನೋಡಿಕೊಳ್ಳದೆ ಒಂದರ ವೈರ್ ತಿರುಗುಮುರುಗಾಗಿ ಹಚ್ಚಿದರೆ ಒಂದು ಮುಂದೆ ತಳ್ಳುವಾಗ ಇನ್ನೊಂದು ಹಿಂದೆ ಎಳೆಯುತ್ತದೆ. ಬಾಸ್ ಮಾಯವಾಗುತ್ತದೆ, ನಡುವೆ ನಿಲ್ಲಬೇಕಾದ ಗಾಯಕನ ದನಿ ಎಲ್ಲೋ ಚದುರಿಹೋಗುತ್ತದೆ.

ಇಷ್ಟಕ್ಕೇ ಮನೆಗೆ ಬರಬಹುದಿತ್ತು. ಆದರೆ ಕಾಕಾ ತಮ್ಮ ಪುಟ್ಟ ಸ್ಪೀಕರ್ ಜೊತೆ ಇಟ್ಟು ಕೇಳೋಣ ಅಂದರು. ಅವರ ಹತ್ತಿರ ಇರುವುದು ಎಲ್‌ಎಸ್3/5ಎ. ಪುಣೆಯಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡದ್ದು. ಆಡಿಯೊ ಹವ್ಯಾಸಿಗಳು ಜಗತ್ತಿನ ಯಾವ ಮೂಲೆಯಲ್ಲಿ ಸೇರಿದರೂ ಈ ಹೆಸರು ಬಂದೇ ಬರುತ್ತದೆ. ಒಂದು ಅಡಿ ಎತ್ತರ, ಏಳೂವರೆ ಇಂಚು ಅಗಲ, ಅಷ್ಟೇ. ಒಳಗಿನ ಜಾಗ ಸುಮಾರು 5 ಲೀಟರ್. ಮೊದಲ ಸಲ ನೋಡಿದವರಿಗೆ ಇದರಲ್ಲಿ ಏನಿದೆ ಅನ್ನಿಸುತ್ತದೆ.

ಇದು ಅಂಗಡಿಯಲ್ಲಿ ಮಾರಲೆಂದು ಹುಟ್ಟಿದ್ದೇ ಅಲ್ಲ. 1970ರ ದಶಕದ ಮೊದಲರ್ಧದಲ್ಲಿ ಬಿಬಿಸಿಯ ಎಂಜಿನಿಯರುಗಳು ಹೊರಗಿನ ಪ್ರಸಾರದ ವ್ಯಾನ್‌ಗಾಗಿ ಇದನ್ನು ಮಾಡಿದರು. ವ್ಯಾನ್‌ನಲ್ಲಿ ದನಿ ಪರೀಕ್ಷಿಸುವ ದೊಡ್ಡ ಸ್ಪೀಕರ್ ಇಡಲು ಜಾಗ ಇರಲಿಲ್ಲ. ಆದರೂ ಮೈಕಿನ ಮುಂದೆ ಮಾತಾಡುವವರ ದನಿ ಹೇಗಿದೆಯೋ ಹಾಗೇ ಕೇಳಬೇಕಿತ್ತು. ಕೋನ್ ಮತ್ತು ಟ್ವೀಟರ್ ಎರಡೂ ಕೆಫ್ ಕಂಪನಿಯವು. ಡಬ್ಬಕ್ಕೆ ತೆಳ್ಳನೆಯ ಬರ್ಚ್ ಪ್ಲೈವುಡ್, ಒಳಮೈಗೆ ಡಾಂಬರಿನಂಶದ ಹಾಳೆ. ಅಂದರೆ ಮರ ನಡುಗಿದರೂ ಆ ನಡುಕ ದನಿಯ ಭಾಗದಲ್ಲಿ ಕಿವಿಗೆ ಬೀಳದ ಹಾಗೆ ನೋಡಿಕೊಂಡಿದ್ದಾರೆ. ಆಮೇಲೆ ಬಿಬಿಸಿಯ ಲೈಸೆನ್ಸ್ ಪಡೆದು ರಾಜರ್ಸ್, ಸ್ಪೆಂಡರ್, ಹಾರ್ಬೆತ್ ಮುಂತಾದ ಕಂಪನಿಗಳು ಇದನ್ನು ತಯಾರಿಸಿದವು. ಹಾರ್ಬೆತ್ ಕಟ್ಟಿದ ಡಡ್ಲಿ ಹಾರ್ವುಡ್ ಬಿಬಿಸಿಯಲ್ಲಿದ್ದವರು. ಸ್ಪೆಂಡರ್ ಕಟ್ಟಿದ ಸ್ಪೆನ್ಸರ್ ಹ್ಯೂಸ್ ಕೂಡ ಅಲ್ಲಿಯವರೇ.

ಹವ್ಯಾಸಿಗಳು ಬಾಯಲ್ಲಿ ಇಟ್ಟುಕೊಂಡಿರುವ ಹೆಸರುಗಳು ಇನ್ನೂ ಇವೆ. ಮೂಲೆಯಲ್ಲೇ ಇಡಬೇಕಾದ, ಬೀರುವಿನಷ್ಟು ದೊಡ್ಡ ಕ್ಲಿಪ್ಶ್‌ಹಾರ್ನ್ 1946ರದು. 1957ರ ಕ್ವಾಡ್ ಎಲೆಕ್ಟ್ರೋಸ್ಟಾಟಿಕ್‌ಗೆ ಕೋನೇ ಇಲ್ಲ, ವಿದ್ಯುತ್ ತುಂಬಿದ ತೆಳ್ಳನೆಯ ಹಾಳೆಯೇ ಹಾಡುತ್ತದೆ. 1970ರಲ್ಲಿ ಬಂದ ಜೆಬಿಎಲ್ ಎಲ್100, ಕಿತ್ತಳೆ ಬಣ್ಣದ ಫೋಮ್ ಮುಖದ್ದು. 1978ರ ಯಮಾಹಾ ಎನ್‌ಎಸ್-10, ಮನೆಗೆಂದು ಬಂದು ಸ್ಟುಡಿಯೋ ಸೇರಿದ ಬಿಳಿ ಕೋನಿನ ಸ್ಪೀಕರ್. ನಮ್ಮ ಕಾಲಕ್ಕೆ ಬಂದರೆ 2012ರ ಕೆಫ್ ಎಲ್‌ಎಸ್50. ಇವೆಲ್ಲವನ್ನೂ ಕೇಳಿದ್ದೇನೆ ಅಂತ ನಾನು ಹೇಳುವುದಿಲ್ಲ. ಆದರೆ ಕಾಕಾ ಜೊತೆ ಕೂತ ಆ ಭಾನುವಾರ, ಒಂದು ಸ್ಪೀಕರನ್ನು ಜನ ಐವತ್ತು ವರ್ಷ ಯಾಕೆ ಪ್ರೀತಿಸುತ್ತಾರೆ ಅನ್ನುವುದು ನನಗೆ ಅರ್ಥವಾಯಿತು. ಮನುಷ್ಯನ ದನಿ. ಅದು ಸರಿ ಬಂದರೆ ಉಳಿದ ಕೊರತೆಯನ್ನು ಕಿವಿ ಸಹಿಸುತ್ತದೆ. ಅದು ಕೆಟ್ಟರೆ ಎಷ್ಟು ಬಾಸ್ ಇದ್ದರೂ ಅರ್ಧ ಗಂಟೆಯಲ್ಲಿ ಸುಸ್ತಾಗುತ್ತದೆ.

ಇದನ್ನು ಪರೀಕ್ಷೆ ಮಾಡಿ ನೋಡಲು ಕಾಕಾ ಕಾಕುನನ್ನೇ ಕರೆದರು. ಮಳೆ ಸ್ವಲ್ಪ ಬಿಟ್ಟಿತ್ತು. ಹಿತ್ತಲಲ್ಲಿ, ಗೋಡೆಯಿಂದ ದೂರ ನಿಲ್ಲಿಸಿ, ಚಿಕ್ಕ ರೆಕಾರ್ಡರ್ ಹಿಡಿದರು. ಕೋಣೆಯೊಳಗೆ ರೆಕಾರ್ಡ್ ಮಾಡಿದರೆ ಕೋಣೆಯ ಪ್ರತಿಧ್ವನಿಯೂ ಅದರಲ್ಲಿ ಸೇರುತ್ತದೆ, ಆಮೇಲೆ ಒಳಗೆ ಹಚ್ಚಿದಾಗ ಅದು ಎರಡು ಪಟ್ಟಾಗುತ್ತದೆ. ಕಾಕು ಕುಂದಾ ಮಾಡುವ ಬಗೆ ಹೇಳಿದರು. ಹಾಲು ಎಷ್ಟು ಹೊತ್ತು ಕಾಯಬೇಕು, ಸಕ್ಕರೆ ಯಾವಾಗ, ತಳ ಹತ್ತದಂತೆ ಕೈ ಹೇಗೆ ಆಡಿಸಬೇಕು. ನಗುತ್ತಾ, ನಡುವೆ ಉಸಿರು ಎಳೆದುಕೊಳ್ಳುತ್ತಾ ಹೇಳಿದರು.

ಅಪ್ಪನನ್ನು ಫೋನ್ ಮಾಡಿ ಕರೆಸಿದೆವು. ಪಡಸಾಲೆಯಲ್ಲಿ ಹಗ್ಗ ಕಟ್ಟಿ, ಕಾಕುನ ತೆಳ್ಳನೆಯ ನೂಲಿನ ಸೀರೆಯನ್ನು ಪರದೆಯಾಗಿ ಹಾಕಿದೆವು. ಹಿಂದೆ ಏನಿದೆ ಅಂತ ಕಾಣಬಾರದು. ಕಣ್ಣು ಕಿವಿಯನ್ನು ಮೋಸ ಮಾಡುತ್ತದೆ. ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯಲ್ಲಿ ಫ್ಲಾಯ್ಡ್ ಟೂಲ್ ಅನ್ನುವ ವಿಜ್ಞಾನಿ 1980ರ ದಶಕದಲ್ಲಿ ಪರದೆಯ ಹಿಂದೆ ಸ್ಪೀಕರ್ ಇಟ್ಟು ಕೇಳಿಸುತ್ತಿದ್ದರು. ಬೆಲೆ, ಹೆಸರು, ಗಾತ್ರ ಯಾವುದೂ ಕಾಣದಿದ್ದಾಗ ಹೆಚ್ಚಿನವರು ಒಂದೇ ಬಗೆಯ ಸ್ಪೀಕರನ್ನು ಮೆಚ್ಚಿದರು. ಎಲ್ಲ ಸ್ವರಗಳನ್ನೂ ಸಮನಾಗಿ, ಏರುಪೇರಿಲ್ಲದೆ ಕೊಡುವಂಥದ್ದು. ಇನ್ನೊಂದು ವಿಷಯ, ಜೋಡಿಗಿಂತ ಒಂದೇ ಸ್ಪೀಕರ್ ಕೇಳುವಾಗ ತಪ್ಪು ಬೇಗ ಸಿಗುತ್ತದೆ. ಹಾಗಾಗಿ ನಾವೂ ಒಂದೊಂದನ್ನೇ ಇಟ್ಟೆವು. ಫೋನಿನ ಮೀಟರ್ ಹಿಡಿದು ಎರಡರ ದನಿಯನ್ನೂ ಒಂದೇ ಮಟ್ಟಕ್ಕೆ ತಂದೆವು. ಎಲ್‌ಎಸ್3/5ಎ ಸಣ್ಣ ದನಿಯದು, ಒಂದು ಮೀಟರ್ ದೂರಕ್ಕೆ 82-83 ಡೆಸಿಬಲ್ ಅಷ್ಟೇ. ಸುಮ್ನೆ ಹಾಗೇ ಬದಲಾಯಿಸಿದ್ದರೆ ಜೋರಾಗಿರುವುದೇ ಚೆನ್ನಾಗಿದೆ ಅನ್ನಿಸುತ್ತಿತ್ತು.

ಅಪ್ಪನ ಸ್ಪೀಕರನ್ನು ನಮ್ಮ ಮನೆಯಲ್ಲಿ ಇದ್ದ ಹಾಗೇ ಮೂಲೆಯಲ್ಲಿ, ನೆಲದ ಮೇಲೆ ಇಟ್ಟಿದ್ದೆವು. ಕಾಕಾದ್ದು ಸ್ಟ್ಯಾಂಡ್ ಮೇಲೆ. ಕಾಕು ಕೂಡ ಪರದೆಯ ಹಿಂದೆ ನಿಂತು, ನಡುನಡುವೆ ತಾವೇ ಕುಂದಾ ಕಥೆ ಹೇಳಿದರು. 1960ರ ಆಸುಪಾಸಿನಲ್ಲಿ ಅಮೆರಿಕದ ಅಕೌಸ್ಟಿಕ್ ರಿಸರ್ಚ್ ಕಂಪನಿ ವೇದಿಕೆಯ ಮೇಲೆ ವಾದಕರನ್ನು ಕೂರಿಸಿ ಇಂಥದ್ದನ್ನೇ ಮಾಡಿತ್ತು. ವಾದಕರು ನುಡಿಸುತ್ತಾ ನಡುವೆ ನಿಲ್ಲಿಸುತ್ತಿದ್ದರು, ಎಆರ್-3 ಸ್ಪೀಕರ್ ಅಲ್ಲಿಂದ ಮುಂದುವರಿಸುತ್ತಿತ್ತು. ಬಹಳ ಜನಕ್ಕೆ ಎಲ್ಲಿ ಬದಲಾಯಿತು ಅಂತ ಗೊತ್ತಾಗುತ್ತಿರಲಿಲ್ಲ.

ಮೂಲೆಯ ಸ್ಪೀಕರ್ ಮಾತಾಡಿದ ಕೂಡಲೇ ಅಪ್ಪ ಅಂದರು, “ಇದು ಡಬ್ಬಿ. ವೈನಿಗೆ ನೆಗಡಿ ಬಂದಂಗ ಕೇಳಸ್ತೈತಿ.” ವೈನಿ ಅಂದರೆ ಅತ್ತಿಗೆ, ಅಪ್ಪ ಕಾಕುನನ್ನು ಕರೆಯುವುದು ಹಾಗೆ. ಪುಟ್ಟದ್ದು ಮಾತಾಡಿದಾಗ ತಲೆ ವಾಲಿಸಿ ಕೇಳಿದರು. “ಈಗ ವೈನೀನs ಮಾತಾಡಾಕತ್ತಾರ.” ಕಾಕು ಪರದೆಯ ಹಿಂದಿನಿಂದ ಬಾಯಿ ಮುಚ್ಚಿಕೊಂಡೇ ಹೊರಗೆ ಬಂದು ನಿಂತರು. ಒಳಗೆ ಅವರ ದನಿ ಇನ್ನೂ ಸಕ್ಕರೆ ಹಾಕುತ್ತಿತ್ತು. ಅಪ್ಪನ ಮುಖ ನೋಡಬೇಕಿತ್ತು.

“ಸ್ಪೀಕರಿಂದು ತಪ್ಪಲ್ಲಪಾ, ಮೂಲಿಂದು” ಅಂದರು ಕಾಕಾ. ಕೆಳಸ್ವರದ ಅಲೆಗಳು ಉದ್ದ. 200 ಹರ್ಟ್ಸ್‌ನ ಅಲೆ ಒಂದೂಮುಕ್ಕಾಲು ಮೀಟರ್ ಹತ್ತಿರ ಇರುತ್ತದೆ, ಹೆಂಗಸರ ದನಿಯ ಮೂಲಸ್ವರ ಅಲ್ಲೇ ಸುತ್ತಮುತ್ತ. ಇಂಥ ಅಲೆಗಳು ಸ್ಪೀಕರಿನ ಸುತ್ತಲೂ ಹರಡಿ, ಹತ್ತಿರದ ಗೋಡೆಗೆ ತಾಗಿ, ನೇರ ಬಂದದ್ದರ ಜೊತೆ ಕೂಡಿ ಉಬ್ಬುತ್ತವೆ. ನೆಲ, ಹಿಂದಿನ ಗೋಡೆ, ಪಕ್ಕದ ಗೋಡೆ, ಮೂಲೆಯಲ್ಲಿ ಮೂರೂ ಸೇರುತ್ತವೆ. ಕ್ಲಿಪ್ಶ್‌ಹಾರ್ನ್ ಮಾಡಿದವರು ಆ ಉಬ್ಬನ್ನು ಲೆಕ್ಕ ಹಾಕಿಯೇ ಮಾಡಿದ್ದಾರೆ. ಅಪ್ಪನ ಡಬ್ಬಕ್ಕೆ ಆ ಲೆಕ್ಕ ಇಲ್ಲ.

ಮಧ್ಯಾಹ್ನ ಊಟವಾದ ಮೇಲೆ ಅದನ್ನೇ ಸರಿಮಾಡುತ್ತಾ ಕೂತೆವು. ಕಾಕಾ ಹತ್ತಿರ ಇನ್ನೊಂದು ಜೋಡಿ ಸ್ಟ್ಯಾಂಡ್ ಇತ್ತು. ನಮ್ಮೂರಿನ ಕೈಗಾರಿಕಾ ಪ್ರದೇಶ ಉದ್ಯಮಬಾಗದಲ್ಲಿ ಚೌಕ ಕಬ್ಬಿಣದ ಪೈಪ್ ಬೆಸುಗೆ ಹಾಕಿಸಿ ಮಾಡಿಸಿದ್ದು. ಪೈಪಿನೊಳಗೆ ತುಂಬಿರುವುದು ಫೌಂಡ್ರಿಯ ಒಣ ಉಸುಕು. ಖಾಲಿ ಪೈಪ್ ಬಾರಿಸಿದರೆ ಠಣ್ ಅನ್ನುತ್ತದೆ, ಉಸುಕು ತುಂಬಿದ್ದು ಸುಮ್ಮನಿರುತ್ತದೆ. ಎರಕಕ್ಕೆ ಹೆಸರಾದ ಊರು ನಮ್ಮದು, ಹಾಡು ಕೇಳಲು ಅದರ ಉಸುಕೂ ಉಪಯೋಗಕ್ಕೆ ಬಂತಲ್ಲ ಅಂತ ನನಗೆ ಬಹಳ ಖುಷಿಯಾಯಿತು. ಸ್ಪೀಕರನ್ನು ಗೋಡೆಯಿಂದ ಎರಡೂವರೆ ಅಡಿ ಮುಂದೆ ತಂದು, ಟ್ವೀಟರ್ ಕೂತವರ ಕಿವಿಯ ಮಟ್ಟಕ್ಕೆ ಬರುವ ಹಾಗೆ ಇಟ್ಟೆವು. ಎರಡು ಸ್ಪೀಕರ್ ನಡುವೆ ಎಷ್ಟು ದೂರವೋ, ಅವುಗಳಿಂದ ಕುರ್ಚಿಗೂ ಅಷ್ಟೇ ದೂರ. ಶಹಾಬಾದಿ ಕಲ್ಲಿನ ನೆಲಕ್ಕೆ ಜಮಖಾನ ಹಾಸಿದ್ದು ಸಾಕಾಗಲಿಲ್ಲ. ಕಾಕು ತಾವು ಹೊಲಿದ ಎರಡು ಕೌದಿ ಕೊಟ್ಟರು. ಕುರ್ಚಿಯ ಹಿಂದಿನ ಗೋಡೆಗೆ ತೂಗುಹಾಕಿದ ಮೇಲೆ ಚಪ್ಪಾಳೆಯ ಗುಂಯ್ ಅನ್ನುವ ಮರುದನಿ ನಿಂತಿತು.

ಮತ್ತೆ ಕಾಕುನ ರೆಕಾರ್ಡಿಂಗ್. ನೆಗಡಿ ಹೋಗಿತ್ತು. ಪುಟ್ಟದ್ದರಷ್ಟು ಸ್ಪಷ್ಟ ಅಲ್ಲ, ‘ಸ’ಕಾರ ಸ್ವಲ್ಪ ಒರಟು. ಆದರೆ ಕಾಕು ಅಂತ ಯಾರಾದರೂ ಹೇಳುತ್ತಿದ್ದರು.

ಆಮೇಲೆ ಕುಮಾರ ಗಂಧರ್ವರನ್ನು ಹಚ್ಚಿದೆವು. ಇಲ್ಲೇ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದವರು. ಕ್ಷಯದಿಂದ ಒಂದು ಶ್ವಾಸಕೋಶ ಕಳೆದುಕೊಂಡು, ವರ್ಷಗಟ್ಟಲೆ ಹಾಡದೆ ಇದ್ದು, 1950ರ ದಶಕದಲ್ಲಿ ಮತ್ತೆ ಹಾಡಲು ಕೂತವರು. ಅವರ ಚಿಕ್ಕ ಚಿಕ್ಕ ಸ್ವರಗುಚ್ಛಗಳು, ನಡುವೆ ನಿಲ್ಲುವ ಜಾಗ, ಥಟ್ಟನೆ ಮೇಲೇರುವ ದನಿ. ಒಳ್ಳೆಯ ಸ್ಪೀಕರಿನಲ್ಲಿ ಆ ನಿಲ್ಲುವ ಜಾಗ ಖಾಲಿ ಇರುವುದಿಲ್ಲ. ಅಲ್ಲಿ ಎರಡು ತಂಬೂರಿ ತುಂಬಿಕೊಂಡಿರುತ್ತವೆ, ಉಸಿರು ಒಳಗೆ ಹೋಗುವುದೂ ಕೇಳುತ್ತದೆ. ಎಲ್‌ಎಸ್3/5ಎಯಲ್ಲಿ ಎರಡು ತಂಬೂರಿಯ ತಂತಿಗಳನ್ನು ಬೇರೆ ಬೇರೆಯಾಗಿ ಕೇಳಬಹುದಿತ್ತು. ತಬಲಾದ ಡಗ್ಗಾ, ಅಂದರೆ ಕೆಳಸ್ವರದ ಎಡಗೈ ವಾದ್ಯ, ಮಾತ್ರ ತೆಳ್ಳಗೆ. ಐದು ಇಂಚಿನ ಕೋನ್ ಎಷ್ಟು ಗಾಳಿ ತಳ್ಳೀತು, ಅಲ್ವಾ? ಅಪ್ಪನ ಜೋಡಿಯಲ್ಲಿ ಡಗ್ಗಾಕ್ಕೆ ಮೈ ಬಂತು, ಅಂಗೈ ಒತ್ತಿ ಜಾರಿಸಿದಾಗಿನ ಆ ಮೀಂಡ್, ಸ್ವರದ ಜಾರು, ನೆಲದಿಂದಲೇ ಎದ್ದ ಹಾಗಾಯಿತು. ತಂಬೂರಿ ಅಷ್ಟು ಬಿಡಿಬಿಡಿಯಾಗಿರಲಿಲ್ಲ.

ನನಗೆ ಎರಡರಲ್ಲಿ ಒಂದನ್ನೇ ಕೊಡುತ್ತೇನೆ ಅಂದರೆ ಪುಟ್ಟದ್ದನ್ನೇ ತೆಗೆದುಕೊಳ್ಳುತ್ತೇನೆ. ಅಪ್ಪ ಒಪ್ಪಲಿಲ್ಲ. “ನಂದs ಇರ್ಲಿ” ಅಂದರು. ಕಾಕಾ ನಕ್ಕು, “ಇನ್ನ ಮ್ಯಾಲ ಮೂಲಿಗೆ ಇಡಬ್ಯಾಡ ಮತ್ತ” ಅಂದರು.

ಈಗ ನಮ್ಮ ಮನೆಯಲ್ಲಿ ಟಿವಿ ಪಕ್ಕಕ್ಕೆ ಸರಿದಿದೆ, ಸೋಫಾ ಕಿಟಕಿಯ ಕಡೆ ಹೋಗಿದೆ. ಅವ್ವನಿಗೆ ಓಡಾಡಲು ಸ್ವಲ್ಪ ಕಷ್ಟ, ಆದರೂ ಸಂಜೆ ಆರಕ್ಕೆ ಅವಳೇ ಆಂಪ್ಲಿಫೈಯರ್ ಹಚ್ಚುತ್ತಾಳೆ. ‘ಸ’ಕಾರದ ಒರಟುತನ ಉಳಿದಿದೆ. ಅದು ಕ್ರಾಸ್‌ಓವರಿನ (ಮೇಲುಸ್ವರ, ಕೆಳಸ್ವರ ಬೇರ್ಪಡಿಸಿ ಟ್ವೀಟರಿಗೂ ವೂಫರಿಗೂ ಕಳಿಸುವ ಸರ್ಕ್ಯೂಟ್) ಕೆಪಾಸಿಟರ್ ಇರಬೇಕು ಅನ್ನುತ್ತಾರೆ ಕಾಕಾ. ಎಲೆಕ್ಟ್ರೋಲೈಟಿಕ್ ಜಾತಿಯವು ಇಷ್ಟು ವರ್ಷಕ್ಕೆ ಒಳಗೇ ಒಣಗಿ ಅಳತೆ ಬದಲಾಯಿಸುತ್ತವೆ. ಟ್ವೀಟರಿಗೆ ಹೋಗುವುದನ್ನು ಮೊದಲು ಬಿಚ್ಚಿ ಮೀಟರಿಗೆ ಹಚ್ಚಿ ನೋಡುವುದು, ಆಮೇಲೆ ಅದೇ ಅಳತೆಯ ಫಿಲ್ಮ್ ಕೆಪಾಸಿಟರ್ ಹಾಕುವುದು. ದೀಪಾವಳಿ ಹೊತ್ತಿಗೆ ಆ ಕೆಲಸ ಮುಗಿಸಬೇಕು ಅಂತ ಅಪ್ಪ ಹೇಳಿದ್ದಾರೆ.